ದಂಪತಿಗಳ ಭಾವಚಿತ್ರ: ಹತ್ತೊಂಬತ್ತನೆಯ ಶತಮಾನದ ಒಂದು ಸಾಕ್ಷ್ಯವಿಚಾರ

ಚರಿತ್ರೆಯ ಆಕರಗಳೆಂದೊಡನೆ ನಮ್ಮ ನೆನಪಿಗೆ ಬರುವವು ಶಾಸನಗಳು, ಓಲೆಗರಿಗಳು, ನಾಣ್ಯಗಳು, ಕಡತಗಳು. ೧೮೩೯ರಿಂದೀಚೆಗೆ ಇವುಗಳ ಸಾಲಿಗೆ ಮತ್ತೊಂದು ಆಕರವು ಬಂದು ಸೇರಿದೆ, ಅದೇ ಛಾಯಾಚಿತ್ರ. ಶಾಸನವನ್ನು ಓದುವುದಕ್ಕೆ ಲಿಪಿಜ್ಞಾನ ಬೇಕು, ಓಲೆಗರಿಯ ಪಾಠವನ್ನು ನಿರ್ಣಯಿಸುವುದಕ್ಕೆ ಗ್ರಂಥಸಂಪಾದನೆಯ ಪರಿಶ್ರಮ ಬೇಕು ಎಂಬುದನ್ನು ಎಲ್ಲರೂ ಒಪ್ಪುತ್ತಾರೆ. ಛಾಯಾಚಿತ್ರವನ್ನು ಮಾತ್ರ ಕಣ್ಣುಳ್ಳವರೆಲ್ಲರೂ ಓದಬಲ್ಲರೆಂಬ ಭಾವನೆ ಬಲವಾಗಿ ನೆಲೆಗೊಂಡಿದೆ. ಅನೇಕ ಅವಸರದ ತೀರ್ಮಾನಗಳಿಗೆ ಈ ಭಾವನೆಯೇ ಮೂಲವೆಂದು ತೋರುತ್ತದೆ.

ಹತ್ತೊಂಬತ್ತನೆಯ ಶತಮಾನದ ಸ್ಟುಡಿಯೋಗಳಲ್ಲಿ ತೆಗೆಸಿಕೊಂಡ ಗಂಡಹೆಂಡಿರ ಭಾವಚಿತ್ರಗಳ ವಿಷಯದಲ್ಲಿ ಈ ಮಾತು ವಿಶೇಷವಾಗಿ ಸಲ್ಲುತ್ತದೆ. ಪತಿ ಕುರ್ಚಿಯಲ್ಲಿ ಕುಳಿತಿದ್ದಾನೆ, ಸತಿ ಪಕ್ಕದಲ್ಲಿ ನಿಂತಿದ್ದಾಳೆ. ಆದುದರಿಂದ ಆತ ಯಜಮಾನ, ಈಕೆ ಅಧೀನಳು ಎನ್ನುವುದುಂಟು. ಇಬ್ಬರ ಮುಖದಲ್ಲಿಯೂ ನಗೆಯಿಲ್ಲ. ಆದುದರಿಂದ ಆ ದಾಂಪತ್ಯದಲ್ಲಿ ಪ್ರೀತಿಯಿರಲಿಲ್ಲ ಎನ್ನುವುದೂ ಉಂಟು. ಉಡುಪು ಕಪ್ಪಾಗಿದೆ, ಶೋಕದ ಕಾಲವಿರಬೇಕು ಎಂದು ಊಹಿಸುವವರೂ ಇದ್ದಾರೆ. ಈ ಮೂರು ಮಾತುಗಳೂ ಪರಿಶೀಲನೆಗೆ ನಿಲ್ಲುವುದು ಕಷ್ಟ. ಚಿತ್ರದಲ್ಲಿನ ಭಂಗಿಯು ದಾಂಪತ್ಯಕ್ಕೆ ಅತ್ಯಂತ ದುರ್ಬಲವಾದ ಸಾಕ್ಷಿ. ಇಬ್ಬರೂ ಕೂಡಿ ಆ ಯಂತ್ರದ ಮುಂದೆ ಬಂದು ಕುಳಿತರೆಂಬ ಸಂಗತಿಯೇ ಬಲವಾದ ಸಾಕ್ಷಿ ಎಂಬುದು ಪ್ರಕೃತ ಲೇಖಕನ ಅಭಿಪ್ರಾಯ. ಅದನ್ನು ಸಮರ್ಥಿಸುವುದಕ್ಕೆ ಮೊದಲು ಆ ಸ್ಟುಡಿಯೋದ ಒಳಗಣ ವ್ಯವಹಾರವನ್ನು ತಿಳಿಯಬೇಕು.

ಫ್ರಾನ್ಸಿನ ಡಾಗೆರನು ಕಂಡುಹಿಡಿದ ವಿಧಾನದ ವಿವರಗಳನ್ನು ಪ್ಯಾರಿಸ್ಸಿನಲ್ಲಿ ೧೮೩೯ರ ಆಗಸ್ಟ್ ೧೯ರಂದು ಲೋಕಕ್ಕೆ ಬಹಿರಂಗಪಡಿಸಲಾಯಿತು. ಬೆಳ್ಳಿಯ ಲೇಪವುಳ್ಳ ತಾಮ್ರದ ತಗಡನ್ನು ಕನ್ನಡಿಯಂತೆ ಉಜ್ಜಿ, ಅಯೋಡಿನ್ ಆವಿಗೆ ಹಿಡಿದು, ಕ್ಯಾಮರಾದೊಳಗಿಟ್ಟು ಬೆಳಕಿಗೊಡ್ಡಿ, ಬಳಿಕ ಪಾದರಸದ ಆವಿಯಿಂದ ಬಿಂಬವನ್ನು ಮೂಡಿಸುವ ವಿಧಾನವದು. ಡಾಗೆರೋಟೈಪ್ ಎಂದು ಅದಕ್ಕೆ ಹೆಸರಾಯಿತು. ಅದಕ್ಕೆ ಮುನ್ನ ತಮ್ಮ ರೂಪವನ್ನು ಉಳಿಸಿಕೊಳ್ಳಬೇಕೆಂಬ ಗಂಡಹೆಂಡಿರು ಚಿತ್ರಕಾರನ ಮೊರೆ ಹೋಗಬೇಕಾಗಿತ್ತು. ತೈಲಚಿತ್ರವು ಸಿರಿವಂತರಿಗೆ ಮಾತ್ರ ಎಟುಕುವಂತಹದು. ದಂತದ ಮೇಲೆ ಬರೆಯುತ್ತಿದ್ದ ಕಿರುಚಿತ್ರಗಳೂ ಅಗ್ಗವಾಗಿರಲಿಲ್ಲ. ಬಡವರಿಗೆ ಉಳಿದಿದ್ದುದು ಕಪ್ಪು ಕಾಗದವನ್ನು ಕತ್ತರಿಸಿ ಮಾಡುತ್ತಿದ್ದ ನೆರಳುಚಿತ್ರ ಮಾತ್ರ.

ಡಾಗೆರನ ಮೊದಲ ವಿಧಾನದಲ್ಲಿ ಬಿಸಿಲಿನಲ್ಲಿಯೂ ಹಲವು ನಿಮಿಷಗಳ ಕಾಲ ಅಲುಗಾಡದೆ ಇರಬೇಕಾಗಿದ್ದುದರಿಂದ ಮನುಷ್ಯರ ಚಿತ್ರವನ್ನು ತೆಗೆಯುವುದು ದುಸ್ಸಾಧ್ಯವೇ ಆಗಿತ್ತು. ಎರಡು ಸುಧಾರಣೆಗಳು ಈ ಕಷ್ಟವನ್ನು ನಿವಾರಿಸಿದವು. ವಿಯೆನ್ನಾದ ಗಣಿತಜ್ಞ ಪೆಟ್ಸ್‌ವಾಲ್ ೧೮೪೦ರಲ್ಲಿ ರೂಪಿಸಿದ ಮಸೂರವು ಹಿಂದಿನ ಮಸೂರಗಳಿಗಿಂತ ಅನೇಕ ಪಾಲು ಹೆಚ್ಚು ಬೆಳಕನ್ನು ಒಳಗೆ ಬಿಟ್ಟಿತು; ಅಯೋಡಿನ್ನಿನ ಜೊತೆಗೆ ಬ್ರೋಮಿನ್, ಕ್ಲೋರಿನ್‌ಗಳನ್ನು ಬಳಸಿದುದರಿಂದ ತಗಡಿನ ಸೂಕ್ಷ್ಮತೆ ಹೆಚ್ಚಿತು. ೧೮೪೧ರ ಮಾರ್ಚ್ ೨೩ರಂದು ರಿಚರ್ಡ್ ಬಿಯರ್ಡ್ ಎಂಬಾತ ಲಂಡನ್ನಿನ ರೀಜೆಂಟ್ ಬೀದಿಯ ರಾಯಲ್ ಪಾಲಿಟೆಕ್ನಿಕ್ ಸಂಸ್ಥೆಯ ಕಟ್ಟಡದ ಮಾಳಿಗೆಯ ಮೇಲೆ ಇಂಗ್ಲೆಂಡಿನ ಮೊದಲ ಭಾವಚಿತ್ರ ಸ್ಟುಡಿಯೋವನ್ನು ತೆರೆದನು. ಈತ ಮೂಲತಃ ಕಲ್ಲಿದ್ದಲಿನ ವ್ಯಾಪಾರಿ. ಚಿತ್ರಕಾರನೂ ಅಲ್ಲ, ವಿಜ್ಞಾನಿಯೂ ಅಲ್ಲ. ಭಾವಚಿತ್ರವು ಹುಟ್ಟಿದಾರಭ್ಯ ಒಂದು ವ್ಯಾಪಾರವೇ ಆಗಿತ್ತೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ. ಕಿರಿದಾದ ಒಂದು ಚಿತ್ರಕ್ಕೆ ಒಂದು ಗಿನಿ ಬೆಲೆ; ಕೂಲಿಕಾರನ ಒಂದು ವಾರದ ದುಡಿಮೆ ಅಷ್ಟಾಗುತ್ತಿರಲಿಲ್ಲ.

ಆ ಸ್ಟುಡಿಯೋದ ಚಾವಣಿ ನೀಲಿ ಗಾಜಿನದು. ಸೂರ್ಯನ ಬೆಳಕೇ ಬಂಡವಾಳವಾದುದರಿಂದ ಮೋಡ ಕವಿದರೆ ವ್ಯಾಪಾರ ನಿಲ್ಲುತ್ತಿತ್ತು. ಚಿತ್ರ ತೆಗೆಸಿಕೊಳ್ಳುವವನನ್ನು ಎತ್ತರದ ಜಗಲಿಯೊಂದರ ಮೇಲೆ, ಬೆಳಕಿಗೆ ಸಮೀಪವಾಗಿ ಕೂರಿಸುತ್ತಿದ್ದರು. ಬೆಳಕಿನ ಸ್ಥಿತಿಗನುಸಾರವಾಗಿ ಕೆಲವು ಕ್ಷಣಗಳಿಂದ ಒಂದೆರಡು ನಿಮಿಷದವರೆಗೆ ಅಲುಗಾಡಬಾರದು. ಇದಕ್ಕಾಗಿ ಕಬ್ಬಿಣದ ಆನಿಕೆಯೊಂದನ್ನು ಬೆನ್ನ ಹಿಂದೆ ನಿಲ್ಲಿಸಿ, ಅದರ ಕವಲನ್ನು ತಲೆಯ ಹಿಂಭಾಗಕ್ಕೆ ತಾಗಿಸುತ್ತಿದ್ದರು. ಜಾರ್ಜ್ ಕ್ರೂಯಿಕ್‌ಶ್ಯಾಂಕ್ ಎಂಬ ವಿನೋದ ಚಿತ್ರಕಾರನು ೧೮೪೨ರಲ್ಲಿ ಬಿಯರ್ಡನ ಸ್ಟುಡಿಯೋದ ಈ ದೃಶ್ಯವನ್ನು ಬರೆದಿದ್ದಾನೆ. ಆನಿಕೆಯ ಬುಡವು ಅನೇಕ ಚಿತ್ರಗಳಲ್ಲಿ ನಿಂತವರ ಪಾದಗಳ ಹಿಂದೆ ಇಣುಕುವುದನ್ನು ಇಂದಿಗೂ ಕಾಣಬಹುದು.

ಈ ಆನಿಕೆಯ ವಿಷಯವಾಗಿ ವಿಚಿತ್ರವಾದ ಒಂದು ನಂಬಿಕೆ ಪ್ರಚಾರದಲ್ಲಿದೆ. ಮೃತರನ್ನು ಅದರ ಆಧಾರದಿಂದ ನಿಲ್ಲಿಸಿ, ಬದುಕಿರುವ ಪತಿಯ ಅಥವಾ ಪತ್ನಿಯ ಪಕ್ಕದಲ್ಲಿ ಚಿತ್ರ ತೆಗೆಯುತ್ತಿದ್ದರಂತೆ! ಮೃತರ ಚಿತ್ರಗಳನ್ನು ತೆಗೆಯುವ ಪದ್ಧತಿ ಆ ಕಾಲದಲ್ಲಿ ಇದ್ದುದು ನಿಜ. ಆದರೆ ಅವರನ್ನು ಮಲಗಿಸಿ, ನಿದ್ರಿಸುವವರಂತೆ ತೋರಿಸಿ ತೆಗೆಯುವುದೇ ಸಾಮಾನ್ಯವಾಗಿತ್ತು. ಆನಿಕೆಗೆ ಒಂದು ಶವದ ಭಾರವನ್ನು ಎತ್ತಿ ಹಿಡಿಯುವ ಬಲವಿಲ್ಲ. ಅದು ಉಸಿರಾಡುವವರು ಓಲಾಡದಿರಲೆಂದು ಮಾಡಿದ ಉಪಾಯ. ಆನಿಕೆ ಕಂಡರೆ ಎದುರಿಗಿರುವವರು ಬದುಕಿದ್ದರೆಂದೇ ತಿಳಿಯಬೇಕು.

ನಗೆಯ ವಿಚಾರವೂ ಇಂತಹದೇ. ನಗುವನ್ನು ಅರ್ಧ ನಿಮಿಷ ಮುಖದ ಮೇಲೆ ನಿಲ್ಲಿಸಿಕೊಳ್ಳಲು ಯತ್ನಿಸಿದವರಿಗೆ ಅದರ ಕಷ್ಟ ತಿಳಿದೀತು. ಕಾಲಾವಧಿ ಕಡಿಮೆಯಾದ ಮೇಲೆಯೂ ಗಂಭೀರವದನದ ಪದ್ಧತಿ ಮುಂದುವರಿಯಿತು. ಏಕೆಂದರೆ ತೈಲಚಿತ್ರದ ಸಂಪ್ರದಾಯದಲ್ಲಿ ಬಾಯ್ದೆರೆದು ನಗುವುದು ಕುಡುಕರ, ವಿದೂಷಕರ ಲಕ್ಷಣವೆನಿಸಿತ್ತು. ಜೀವಮಾನದಲ್ಲಿ ಒಂದು ಸಲ ತೆಗೆಸಿಕೊಳ್ಳುವ ಚಿತ್ರದಲ್ಲಿ ಜನರು ತಮ್ಮನ್ನು ಘನತೆಯುಳ್ಳವರನ್ನಾಗಿ ಕಾಣಬಯಸಿದ್ದು ಸಹಜ. ಕಣ್ಣು ಮಿಟುಕಿದರೆ ಆಗುವ ಅನಾಹುತಕ್ಕೆ ದೊಡ್ಡವರೂ ಹೊರತಲ್ಲ. ೧೮೫೨ರಲ್ಲಿ ವಿಕ್ಟೋರಿಯಾ ರಾಣಿಯು ತನ್ನ ಮಕ್ಕಳೊಡನೆ ತೆಗೆಸಿಕೊಂಡ ತಗಡುಚಿತ್ರದಲ್ಲಿ ಆಕೆಯ ಕಣ್ಣು ಮುಚ್ಚಿಹೋಗಿತ್ತು. ಅದನ್ನು ಕಂಡು ತನ್ನ ಮುಖವನ್ನಷ್ಟೇ ತಾನೇ ಕೆರೆದು ಅಳಿಸಿಬಿಟ್ಟಳು. ಮುಖವಿಲ್ಲದ ಆ ಚಿತ್ರ ಇಂದಿಗೂ ಉಳಿದಿದೆ.

ಇನ್ನು ಕುಳಿತ ಪತಿ, ನಿಂತ ಸತಿಯ ಪ್ರಶ್ನೆ. ಇಬ್ಬರನ್ನು ಒಂದೇ ತಗಡಿನಲ್ಲಿ ತರುವುದು ಒಬ್ಬರನ್ನು ತರುವುದಕ್ಕಿಂತ ಕಠಿನ. ಹೆಚ್ಚು ಬೆಳಕನ್ನು ಬಿಡುವ ಮಸೂರಕ್ಕೆ ಒಂದು ದೋಷವುಂಟು. ಅದು ಒಂದು ನಿರ್ದಿಷ್ಟ ದೂರದಲ್ಲಿರುವುದನ್ನು ಮಾತ್ರ ಸ್ಪಷ್ಟವಾಗಿ ತೋರಿಸಿ, ಮುಂದಿರುವುದನ್ನೂ ಹಿಂದಿರುವುದನ್ನೂ ಮಸುಕುಗೊಳಿಸುತ್ತದೆ. ಪೆಟ್ಸ್‌ವಾಲನ ಮಸೂರದಲ್ಲಿ ಅಂಚಿಗೆ ಹೋದಂತೆ ಬಿಂಬವು ಇನ್ನೂ ಕೆಡುತ್ತದೆ. ಆದುದರಿಂದ ಎರಡು ಮುಖಗಳೂ ಒಂದೇ ದೂರದಲ್ಲಿದ್ದು, ಪರಸ್ಪರ ಸಮೀಪದಲ್ಲಿಯೂ ಚಿತ್ರದ ನಡುಭಾಗದಲ್ಲಿಯೂ ಇರಬೇಕು. ಎತ್ತರದ ಗಂಡ, ಗಿಡ್ಡ ಹೆಂಡತಿ ಇಬ್ಬರೂ ನಿಂತರೆ ತಲೆಗಳು ದೂರವಾಗುತ್ತವೆ. ಎತ್ತರದವನನ್ನು ಕೂರಿಸಿದರೆ ಈ ಅಂತರವು ಕಡಿಮೆಯಾಗುತ್ತದೆ. ಉದ್ದನೆಯ ಕಿರಿದಾದ ಚೌಕಟ್ಟಿನಲ್ಲಿ ಇಬ್ಬರು ಪಕ್ಕಪಕ್ಕದಲ್ಲಿ ಕುಳಿತರೆ ಮೇಲ್ಭಾಗವೆಲ್ಲ ಬರಿದಾಗುತ್ತದೆ. ೧೮೫೦-೬೦ರ ದಶಕಗಳಲ್ಲಿ ಹೆಂಗಸರು ಉಡುತ್ತಿದ್ದ ಬಳೆಕಟ್ಟಿನ ಅಗಲವಾದ ಲಂಗವನ್ನು ತೋರಿಸಬೇಕಾದರೆ ನಿಲ್ಲುವುದೇ ಲೇಸು. ಹೊಸ ಬಟ್ಟೆಗೆ ತೆತ್ತ ಹಣ ಚಿತ್ರದಲ್ಲಿ ಕಾಣದೆ ಹೋದರೆ ಯಾರು ತಾನೇ ಸಹಿಸಿಯಾರು? ಇದಕ್ಕೆ ತದ್ವಿರುದ್ಧವಾಗಿ, ಹೆಂಡತಿ ಕುಳಿತು ಗಂಡ ಕುರ್ಚಿಯ ಬೆನ್ನ ಮೇಲೆ ಕೈಯಿಟ್ಟು ನಿಂತಿರುವ ಚಿತ್ರಗಳೂ ಅದೇ ಸ್ಟುಡಿಯೋಗಳಿಂದ ಹೇರಳವಾಗಿ ಹೊರಬಂದಿವೆ. ಸಂಪ್ರದಾಯದ ಪ್ರಭಾವ ಇಲ್ಲವೇ ಇಲ್ಲವೆಂದು ಹೇಳುತ್ತಿಲ್ಲ. ಗಂಡನು ಮನೆಯೊಡೆಯನೆಂಬ ಭಾವನೆ ಆ ಸಮಾಜದಲ್ಲಿ ಗಾಢವಾಗಿಯೇ ಇತ್ತು. ಆದರೆ ಅದನ್ನು ಸಾಧಿಸುವುದಕ್ಕೆ ಕಾನೂನುಗಳಿವೆ, ದಾಖಲೆಗಳಿವೆ, ಪತ್ರಗಳಿವೆ. ಕುರ್ಚಿಯೊಂದನ್ನೇ ನಂಬಿ ಕೂರಬೇಕಾಗಿಲ್ಲ.

ಇದಕ್ಕೆ ಅತ್ಯುತ್ತಮವಾದ ಉದಾಹರಣೆ ಇಂಗ್ಲೆಂಡಿನ ಅರಮನೆಯಲ್ಲಿಯೇ ದೊರೆಯುತ್ತದೆ. ಮೇಯಾಲ್ ಎಂಬ ಛಾಯಾಚಿತ್ರಗಾರನು ತೆಗೆದ ಚಿತ್ರವೊಂದರಲ್ಲಿ ಆಲ್ಬರ್ಟ್ ರಾಜಕುಮಾರನು ಕುಳಿತಿದ್ದಾನೆ. ವಿಕ್ಟೋರಿಯಾ ರಾಣಿಯು ಪಕ್ಕದಲ್ಲಿ ನಿಂತಿದ್ದಾಳೆ. ಭಂಗಿಯೇ ಪ್ರಮಾಣವಾದರೆ ಆ ನಾಡಿನ ಸಿಂಹಾಸನ ಯಾರದೆಂಬುದನ್ನು ನಾವು ತಲೆಕೆಳಗಾಗಿಯೇ ತಿಳಿಯಬೇಕಾದೀತು. ಆಕೆ ಪ್ರಜೆಗಳಿಗೆ ಗೃಹಿಣಿಯಾಗಿ ತೋರಬಯಸಿದಳೆಂಬುದು ಇಲ್ಲಿ ಗ್ರಾಹ್ಯವಾದ ಅರ್ಥ. ಚಿತ್ರವು ತಿಳಿಸುವುದು ಇರುವಿಕೆಯನ್ನಲ್ಲ, ತೋರುವಿಕೆಯ ಅಪೇಕ್ಷೆಯನ್ನು.

ಯಂತ್ರವೇ ಹೇಳುವ ಸುಳ್ಳುಗಳೂ ಕೆಲವುಂಟು. ಡಾಗೆರೋಟೈಪಿನಲ್ಲಿ ಬಿಂಬವು ಕನ್ನಡಿಯಲ್ಲಿ ಕಾಣುವಂತೆ ಎಡಬಲ ಅದಲುಬದಲಾಗಿ ಮೂಡುತ್ತದೆ. ಎಡಗೈಯಲ್ಲಿ ಧರಿಸಿದ ಮದುವೆಯ ಉಂಗುರ ಬಲಗೈಯಲ್ಲಿದ್ದಂತೆ ಕಾಣುತ್ತದೆ. ಆ ಉಂಗುರಕ್ಕೆ ಚಿತ್ರಗಾರರು ಎಷ್ಟೋ ಸಲ ಕುಂಚದಿಂದ ಬಂಗಾರದ ಬಣ್ಣದ ಚುಕ್ಕೆಯನ್ನಿಟ್ಟು ಎತ್ತಿ ತೋರಿಸುತ್ತಿದ್ದರೆಂಬುದನ್ನು ಗಮನಿಸಿದರೆ, ವಿವಾಹದ ಆ ಗುರುತಿಗೆ ಜನರು ಕೊಡುತ್ತಿದ್ದ ಬೆಲೆ ಮನವರಿಕೆಯಾಗುತ್ತದೆ. ಉಮಾಮಹೇಶ್ವರ ಶಿಲ್ಪಗಳಲ್ಲಿ ದೇವಿಯು ಶಿವನ ಎಡಗಡೆಗಿರುವುದನ್ನು ಕಂಡು ಬೆಳೆದ ನಮ್ಮವರಿಗೆ ಎಡಬಲಗಳ ಈ ವಿಪರ್ಯಾಸವು ಸಣ್ಣದಾಗಿ ತೋರಲಾರದು; ಅಂತಹ ತಗಡಿನ ಮೇಲೆ ಪತಿಯ ಎಡಕ್ಕೆ ಕುಳಿತವಳು ಬಲಕ್ಕೆ ಕುಳಿತಂತೆಯೇ ಕಾಣುವಳು.

ಬಣ್ಣದ ವಿಷಯದಲ್ಲಿಯೂ ಹೀಗೆಯೇ. ಆ ಕಾಲದ ತಗಡುಗಳೂ ಗಾಜಿನ ಫಲಕಗಳೂ ನೀಲಿಯ ಬೆಳಕಿಗೆ ಮಾತ್ರ ಚೆನ್ನಾಗಿ ಸ್ಪಂದಿಸುತ್ತಿದ್ದವು. ನೀಲಿಯು ಬೆಳ್ಳಗಾಗಿ, ಕೆಂಪೂ ಹಳದಿಯೂ ಕಪ್ಪಾಗಿ ಮೂಡುತ್ತಿದ್ದವು. ಕಪ್ಪೆಂದು ಕಾಣುವ ಗೌನು ಕಡುಗೆಂಪಿನದಾಗಿದ್ದಿರಬಹುದು. ಭಾರತದ ಚಿತ್ರಗಳಲ್ಲಿ ಕಪ್ಪಾಗಿ ಕಾಣುವ ಮದುವೆಯ ಸೀರೆ ಕುಂಕುಮವರ್ಣದ್ದೋ ಅರಿಸಿನವರ್ಣದ್ದೋ ಆಗಿದ್ದಿರಬಹುದು. ಶೋಕದ ಊಹೆಗೆ ಇಲ್ಲಿಗೆ ಆಧಾರ ತಪ್ಪಿತು.

ಅಗ್ಗದ ಚಿತ್ರಗಳ ಯುಗವು ಆರಂಭವಾದುದು ೧೮೫೦ರ ದಶಕದಲ್ಲಿ. ಇಂಗ್ಲೆಂಡಿನ ಫ್ರೆಡರಿಕ್ ಸ್ಕಾಟ್ ಆರ್ಚರ್ ೧೮೫೧ರಲ್ಲಿ ಪ್ರಕಟಿಸಿದ ಕೊಲೋಡಿಯನ್ ವಿಧಾನದಲ್ಲಿ ಗಾಜಿನ ಫಲಕವೊಂದರಿಂದ ಎಷ್ಟು ಬೇಕಾದರೂ ಕಾಗದದ ಪ್ರತಿಗಳನ್ನು ತೆಗೆಯಬಹುದಾಗಿತ್ತು. ಆತ ಅದಕ್ಕೆ ಹಕ್ಕುಪತ್ರವನ್ನು ಪಡೆಯಲಿಲ್ಲ. ಲೋಕಕ್ಕೆ ಲಾಭವಾಯಿತು, ಆತ ಮಾತ್ರ ಬಡವನಾಗಿಯೇ ೧೮೫೭ರಲ್ಲಿ ತೀರಿಕೊಂಡ. ಪ್ಯಾರಿಸ್ಸಿನ ದಿಸ್ದೇರಿಯು ೧೮೫೪ರಲ್ಲಿ ಒಂದೇ ಫಲಕದ ಮೇಲೆ ಹಲವು ಚಿಕ್ಕ ಚಿತ್ರಗಳನ್ನು ತೆಗೆಯುವ ಉಪಾಯಕ್ಕೆ ಹಕ್ಕುಪತ್ರವನ್ನು ಪಡೆದನು. ಭೇಟಿ ಚೀಟಿಯಷ್ಟು ಗಾತ್ರದ ರಟ್ಟಿಗೆ ಅಂಟಿಸುತ್ತಿದ್ದುದರಿಂದ ಅವುಗಳಿಗೆ ‘ಕಾರ್ತ್ ದ ವಿಸೀತ್’ ಎಂದೇ ಹೆಸರಾಯಿತು. ಇದರಿಂದ ಗುಮಾಸ್ತರು, ಅಂಗಡಿಕಾರರು, ಕುಶಲಕರ್ಮಿಗಳು ಸಹ ಹೆಂಡತಿಯೊಡನೆ ಸ್ಟುಡಿಯೋದ ಮೆಟ್ಟಿಲನ್ನು ಹತ್ತುವಂತಾಯಿತು. ಅಲ್ಲಿ ಅವರಿಗಾಗಿ ರಟ್ಟಿನ ಕಂಬ, ಬಣ್ಣದ ಪರದೆಯ ಮೇಲಿನ ಉದ್ಯಾನ, ಎಂದೂ ಓದದ ದಪ್ಪ ಪುಸ್ತಕ ಎಲ್ಲವೂ ಸಿದ್ಧವಾಗಿರುತ್ತಿದ್ದವು. ನೆಲಗಂಬಳಿಯ ಮೇಲೆ ನೆಟ್ಟ ಆ ಭವ್ಯವಾದ ಕಂಬಗಳು ಯಾವ ಮಾಳಿಗೆಯನ್ನು ಹೊತ್ತಿದ್ದವೋ ದೇವರೇ ಬಲ್ಲ! ಒಂದೇ ಕಂಬದ ಪಕ್ಕದಲ್ಲಿ ನೂರಾರು ದಂಪತಿಗಳು ನಿಂತುಹೋದರು. ಹೀಗಿರಲು ಹಿನ್ನೆಲೆಯಿಂದ ಅವರ ಮನೆಯ ಸ್ಥಿತಿಗತಿಯನ್ನು ಅನುಮಾನಿಸುವುದೂ ತರವಲ್ಲ.

ಹಾಗಾದರೆ ಈ ಚಿತ್ರಗಳಿಂದ ತಿಳಿಯತಕ್ಕದ್ದೇನು? ಇಬ್ಬರೂ ಒಂದೇ ಚೌಕಟ್ಟಿನಲ್ಲಿ ಇರಬೇಕೆಂಬ ಹಂಬಲ ಎಷ್ಟು ಬಲವಾಗಿತ್ತೆಂಬುದು. ಇದಕ್ಕೆ ಇಬ್ಬರು ವಿಧವೆಯರ ವೃತ್ತಾಂತವು ಸಾಕ್ಷಿಯಾಗಿದೆ.

ವಿಕ್ಟೋರಿಯಾ, ಆಲ್ಬರ್ಟರ ವಿವಾಹವು ೧೮೪೦ರ ಫೆಬ್ರುವರಿ ೧೦ರಂದು ನಡೆಯಿತು. ಡಾಗೆರನ ವಿಧಾನ ಪ್ರಕಟವಾಗಿ ಆರು ತಿಂಗಳೂ ಆಗಿರಲಿಲ್ಲ. ಮದುವೆಯ ಛಾಯಾಚಿತ್ರವೆಂಬುದು ಇಲ್ಲ. ೧೮೫೪ರಲ್ಲಿ ರೋಜರ್ ಫೆಂಟನ್ ತೆಗೆದ ದಂಪತಿಗಳ ಚಿತ್ರಗಳನ್ನು ಅನೇಕರು ಮದುವೆಯ ಚಿತ್ರವೆಂದೇ ಭ್ರಮಿಸುತ್ತಾರೆ. ಅದು ಆಸ್ಥಾನದ ಉಡುಪು. ೧೮೬೦ರಲ್ಲಿ ಮೇಯಾಲನು ತೆಗೆದ ರಾಜಕುಟುಂಬದ ಚಿತ್ರಗಳು ರಾಣಿಯ ಅನುಮತಿಯಿಂದ ಮಾರಾಟಕ್ಕೆ ಬಂದು, ಸಾಮಾನ್ಯರ ಮನೆಯ ಆಲ್ಬಮ್ಮುಗಳ ಮೊದಲ ಪುಟವನ್ನು ಅಲಂಕರಿಸಿದವು. ಮರುವರ್ಷ, ೧೮೬೧ರ ಡಿಸೆಂಬರ್ ೧೪ರಂದು, ಆಲ್ಬರ್ಟನು ತನ್ನ ೪೨ನೆಯ ವಯಸ್ಸಿನಲ್ಲಿ ಮೃತನಾದನು. ೧೮೬೩ರ ಮಾರ್ಚ್ ೧೦ರಂದು ಹಿರಿಯ ಮಗನ ವಿವಾಹವಾದಾಗ ಮೇಯಾಲನು ತೆಗೆದ ಚಿತ್ರವೊಂದಿದೆ. ನವದಂಪತಿಗಳು ನಿಂತಿದ್ದಾರೆ; ಅವರೊಡನೆ ಕರಿಯ ಉಡುಪಿನ ರಾಣಿ ಕುಳಿತಿದ್ದಾಳೆ. ಆಕೆಯ ದೃಷ್ಟಿ ಮಗನ ಕಡೆಗೂ ಇಲ್ಲ, ಸೊಸೆಯ ಕಡೆಗೂ ಇಲ್ಲ. ಪಕ್ಕದಲ್ಲಿರಿಸಿದ ಆಲ್ಬರ್ಟನ ಅಮೃತಶಿಲೆಯ ಎದೆಪ್ರತಿಮೆಯ ಮೇಲೆ ನೆಟ್ಟಿದೆ. ಮಗನ ಮದುವೆಯ ಚಿತ್ರದಲ್ಲಿ ತಾಯಿಯು ತನ್ನ ದಾಂಪತ್ಯದ ಚಿತ್ರವನ್ನು ತೆಗೆಸಿಕೊಂಡಿದ್ದಾಳೆ. ಇಲ್ಲಿ ಉಡುಪು ಕಪ್ಪೇ, ಅದು ಶೋಕದ್ದೇ. ಆದರೆ ಅದು ನಮಗೆ ನಿಶ್ಚಿತವಾಗಿರುವುದು ಲಿಖಿತ ದಾಖಲೆಗಳಿಂದ.

ಎರಡನೆಯ ವೃತ್ತಾಂತ ಅಮೆರಿಕೆಯದು. ಅಬ್ರಹಾಂ ಲಿಂಕನ್, ಮೇರಿ ಟಾಡ್ ಇವರ ವಿವಾಹವು ೧೮೪೨ರಲ್ಲಿ ಆಯಿತು. ಇಪ್ಪತ್ತೆರಡು ವರ್ಷಗಳಿಗೂ ಮೀರಿದ ಆ ದಾಂಪತ್ಯದಲ್ಲಿ ಇಬ್ಬರೂ ಕೂಡಿ ತೆಗೆಸಿಕೊಂಡ ಒಂದೇ ಒಂದು ಛಾಯಾಚಿತ್ರವೂ ದೊರೆತಿಲ್ಲ. ೧೮೪೬-೪೭ರ ಸುಮಾರಿನಲ್ಲಿ ಸ್ಪ್ರಿಂಗ್‌ಫೀಲ್ಡ್ ಊರಿನಲ್ಲಿ ತೆಗೆದ ಎರಡು ಡಾಗೆರೋಟೈಪುಗಳು ವಾಷಿಂಗ್ಟನ್ನಿನ ಕಾಂಗ್ರೆಸ್ ಗ್ರಂಥಾಲಯದಲ್ಲಿವೆ. ಒಂದು ಅವನದು, ಒಂದು ಅವಳದು. ಜೋಡಿಯಾಗಿ ತೂಗುಹಾಕಬಹುದಾದ ಚಿತ್ರಗಳೇ ಹೊರತು ಜೋಡಿಯ ಚಿತ್ರವಲ್ಲ. ಲಿಂಕನ್ ಆರಡಿ ನಾಲ್ಕಂಗುಲದ ಆಳು. ಆಕೆ ಅವನಿಗಿಂತ ಒಂದಡಿಗೂ ಮಿಕ್ಕಿ ಗಿಡ್ಡಳು. ಆ ಅಂತರವೇ ಕಾರಣವೆಂದು ಹೇಳುವುದುಂಟು. ಕಾರಣ ಏನೇ ಇರಲಿ, ೧೮೬೫ರ ಏಪ್ರಿಲಿನಲ್ಲಿ ಲಿಂಕನ್ನನ ಹತ್ಯೆಯಾದ ಮೇಲೆ ಜನರು ಆ ಕೊರತೆಯನ್ನು ಸಹಿಸಲಿಲ್ಲ. ಬೇರೆ ಬೇರೆ ಚಿತ್ರಗಳಿಂದ ಗಂಡಹೆಂಡಿರನ್ನೂ ಮಕ್ಕಳನ್ನೂ ಒಂದೇ ಕೋಣೆಯಲ್ಲಿ ಕೂಡಿಸಿದ ಕೃತಕ ಕುಟುಂಬಚಿತ್ರಗಳು ಮಾರುಕಟ್ಟೆಗೆ ಬಂದವು.

ವಿಲಿಯಂ ಮಮ್ಲರ್ ಎಂಬಾತನು ಮೃತರ ಪ್ರೇತರೂಪವನ್ನು ಚಿತ್ರದಲ್ಲಿ ಮೂಡಿಸಬಲ್ಲೆನೆಂದು ಹೇಳಿಕೊಂಡು ವ್ಯಾಪಾರ ನಡೆಸುತ್ತಿದ್ದನು. ೧೮೬೯ರಲ್ಲಿ ನ್ಯೂಯಾರ್ಕಿನಲ್ಲಿ ಅವನ ಮೇಲೆ ವಂಚನೆಯ ಮೊಕದ್ದಮೆ ನಡೆದು, ಸಾಕ್ಷ್ಯ ಸಾಲದೆ ಬಿಡುಗಡೆಯಾಯಿತು. ಸುಮಾರು ೧೮೭೨ರಲ್ಲಿ ಮೇರಿ ಲಿಂಕನ್ ಬಾಸ್ಟನ್ನಿನಲ್ಲಿ ಅವನ ಬಳಿಗೆ ಹೋದಳು. ಅಷ್ಟರಲ್ಲಿ ಆಕೆ ಪತಿಯನ್ನಲ್ಲದೆ ನಾಲ್ವರು ಪುತ್ರರಲ್ಲಿ ಮೂವರನ್ನು ಕಳೆದುಕೊಂಡಿದ್ದಳು. ಅಲ್ಲಿ ತೆಗೆದ ಚಿತ್ರದಲ್ಲಿ ಕುಳಿತಿರುವ ವಿಧವೆಯ ಹಿಂದೆ ಲಿಂಕನ್ನನ ಮಸುಕಾದ ಆಕೃತಿಯೊಂದು ಅವಳ ಭುಜಗಳ ಮೇಲೆ ಕೈಯಿಟ್ಟು ನಿಂತಿದೆ. ಒಂದು ಫಲಕದ ಮೇಲೆ ಮತ್ತೊಂದರ ಬಿಂಬವನ್ನು ಬರಿಸುವ ಕೈಚಳಕವದು. ಚಿತ್ರ ಸುಳ್ಳು, ಅದನ್ನು ತೆಗೆಸಿಕೊಂಡವಳ ಸಂಕಟ ಸುಳ್ಳಲ್ಲ. ಒಂದು ಸಾಕ್ಷ್ಯವನ್ನು ತಳ್ಳಿಹಾಕಿ ಮತ್ತೊಂದು ಸಾಕ್ಷ್ಯವನ್ನು ಉಳಿಸಿಕೊಳ್ಳುವುದನ್ನು ಚರಿತ್ರಕಾರನು ಇಂತಹ ಎಡೆಗಳಲ್ಲಿ ಕಲಿಯಬೇಕಾಗುತ್ತದೆ.

ಅದೇ ದೇಶದ ಕರಿಯ ಜನರ ವಿಷಯದಲ್ಲಿ ದಂಪತಿಚಿತ್ರದ ಬೆಲೆ ಇನ್ನೂ ಬೇರೆಯದು. ದಾಸ್ಯದಲ್ಲಿದ್ದವರ ಮದುವೆಗೆ ಅಲ್ಲಿನ ಕಾನೂನಿನಲ್ಲಿ ಯಾವ ಮಾನ್ಯತೆಯೂ ಇರಲಿಲ್ಲ. ಒಡೆಯನು ಗಂಡನನ್ನು ಒಂದು ಊರಿಗೆ, ಹೆಂಡತಿಯನ್ನು ಮತ್ತೊಂದು ಊರಿಗೆ ಮಾರಬಹುದಾಗಿತ್ತು. ಅಂತರ್ಯುದ್ಧದಲ್ಲಿ, ೧೮೬೩ರಿಂದ, ಕರಿಯರನ್ನು ದೊಡ್ಡ ಸಂಖ್ಯೆಯಲ್ಲಿ ಸೈನ್ಯಕ್ಕೆ ಸೇರಿಸಿಕೊಂಡರು. ೧೮೬೫ರ ಮಾರ್ಚ್ ೩ರಂದು ಅಮೆರಿಕದ ಕಾಂಗ್ರೆಸ್ಸು ಇಂತಹ ಸೈನಿಕರ ಹೆಂಡತಿ ಮಕ್ಕಳನ್ನೂ ಸ್ವತಂತ್ರರೆಂದು ಘೋಷಿಸಿತು. ಆದರೆ ಹೆಂಡತಿಯೆಂಬುದಕ್ಕೆ ಪ್ರಮಾಣವೇನು? ಯಾವ ಪುಸ್ತಕದಲ್ಲಿಯೂ ಬರೆಯದಿದ್ದ ಮದುವೆಗಳವು. ಮಡಿದ ಸೈನಿಕನ ವಿಧವೆಯು ಪಿಂಚಣಿಗೆ ಅರ್ಜಿ ಹಾಕಿದಾಗ ನೆರೆಹೊರೆಯವರ ಸಾಕ್ಷಿಯಿಂದ ತನ್ನ ದಾಂಪತ್ಯವನ್ನು ಸಾಧಿಸಬೇಕಾಗುತ್ತಿತ್ತು. ಯುದ್ಧಾನಂತರ ಸರ್ಕಾರದ ಕಚೇರಿಗಳ ಮುಂದೆ ಹತ್ತಾರು ವರ್ಷ ಸಂಸಾರ ಮಾಡಿದ್ದ ಮುದುಕ ಮುದುಕಿಯರು ತಮ್ಮ ವಿವಾಹವನ್ನು ನೋಂದಾಯಿಸಲು ಬಂದು ನಿಂತರು.

ಈ ಹಿನ್ನೆಲೆಯಲ್ಲಿ ಕಾಂಗ್ರೆಸ್ ಗ್ರಂಥಾಲಯದಲ್ಲಿರುವ, ೧೮೬೩-೬೫ರ ನಡುವಿನ ಒಂದು ಗಾಜಿನ ಚಿತ್ರವನ್ನು ನೋಡಬೇಕು. ಮೇರಿಲ್ಯಾಂಡ್ ರಾಜ್ಯದ ಸಿಸಿಲ್ ಪ್ರಾಂತದಲ್ಲಿ ದೊರೆತುದು. ಸಮವಸ್ತ್ರ ಧರಿಸಿದ ಕರಿಯ ಸೈನಿಕ, ಟೋಪಿ ಮೇಲಂಗಿಗಳನ್ನು ಧರಿಸಿದ ಹೆಂಡತಿ, ಒಂದೇ ಬಗೆಯ ಮೇಲಂಗಿ, ಟೋಪಿಗಳನ್ನು ತೊಟ್ಟ ಇಬ್ಬರು ಹೆಣ್ಣುಮಕ್ಕಳು. ಮೇರಿಲ್ಯಾಂಡಿನಲ್ಲಿ ದಾಸ್ಯವು ರದ್ದಾದುದು ೧೮೬೪ರ ನವೆಂಬರ್ ೧ರಂದು. ಆ ತಾಯಿ ಮಕ್ಕಳಿಬ್ಬರಿಗೂ ಸಮನಾದ ಬಟ್ಟೆಯನ್ನು ತೊಡಿಸಿ, ತಾನೂ ಸಿದ್ಧಳಾಗಿ, ಯುದ್ಧಕ್ಕೆ ಸೇರಿದ ಗಂಡನೊಡನೆ ಸ್ಟುಡಿಯೋಕ್ಕೆ ಬಂದ ದಿನವು ಎಂತಹುದಾಗಿದ್ದಿರಬೇಕು! ಯಾರು ಕುಳಿತರು, ಯಾರು ನಿಂತರು, ಯಾರು ನಗಲಿಲ್ಲ ಎಂಬ ಲೆಕ್ಕವು ಇಲ್ಲಿ ಎಷ್ಟು ಕ್ಷುಲ್ಲಕವೆಂಬುದನ್ನು ವಾಚಕರೇ ಊಹಿಸಬಹುದು. ನಾವು ಒಂದು ಸಂಸಾರ ಎಂಬ ಮಾತನ್ನು ಕಾನೂನು ಒಪ್ಪುವ ಮೊದಲೇ ಅಥವಾ ಒಪ್ಪುತ್ತಿದ್ದ ಹೊತ್ತಿನಲ್ಲಿಯೇ ಗಾಜಿನ ಮೇಲೆ ಬರೆಯಿಸಿಟ್ಟ ಪತ್ರವದು.

ಭಾರತಕ್ಕೆ ಛಾಯಾಚಿತ್ರವು ಬಂದುದು ತಡವಾಗಿ ಅಲ್ಲ; ೧೮೪೦ರ ವೇಳೆಗೇ ಕಲ್ಕತ್ತೆಗೆ ಈ ವಿದ್ಯೆ ತಲುಪಿತ್ತು. ಆದರೆ ಕನ್ನಡ ನಾಡಿನಲ್ಲಿ ಕ್ಯಾಮರಾ ಮೊದಲು ನೋಡಿದುದು ಮನುಷ್ಯರಿಗಿಂತ ಹೆಚ್ಚಾಗಿ ಕಲ್ಲನ್ನು. ಲೀನಿಯಸ್ ಟ್ರೈಪ್ ಎಂಬ ಸೇನಾಧಿಕಾರಿ ೧೮೫೪ರ ಕೊನೆಯಲ್ಲಿ ಬೇಲೂರು, ಹಳೇಬೀಡುಗಳ ದೇವಾಲಯಗಳನ್ನು ಚಿತ್ರಿಸಿದನು. ೧೮೬೬ರಲ್ಲಿ ಮೆಡೋಸ್ ಟೇಲರ್, ಫರ್ಗುಸನ್ ಇವರ ವಿವರಣೆಯೊಡನೆ ಧಾರವಾಡ ಮತ್ತು ಮೈಸೂರು ಪ್ರಾಂತಗಳ ವಾಸ್ತುಶಿಲ್ಪದ ದೊಡ್ಡ ಛಾಯಾಚಿತ್ರ ಗ್ರಂಥವು ಪ್ರಕಟವಾಯಿತು. ಬೇಲೂರಿನ ಗೋಡೆಯ ಶಿಲ್ಪಗಳಿಗೆ ದೊರೆತ ಈ ಭಾಗ್ಯ ಅವುಗಳ ಕೆಳಗೆ ಹಾದುಹೋಗುತ್ತಿದ್ದ ಗಂಡಹೆಂಡಿರಿಗೆ ಬರಲು ಇನ್ನೂ ಬಹುಕಾಲ ಬೇಕಾಯಿತು.

ಕರಾವಳಿಯಲ್ಲಿ ೧೮೩೪ರಿಂದ ಕೆಲಸ ಮಾಡುತ್ತಿದ್ದ ಬಾಸೆಲ್ ಮಿಷನ್ನಿನ ಸಂಗತಿ ಸ್ವಾರಸ್ಯವಾಗಿದೆ. ಕನ್ನಡ ನಿಘಂಟಿನ ಕಿಟ್ಟೆಲ್ಲರನ್ನು ನಮಗೆ ಕೊಟ್ಟ ಸಂಸ್ಥೆಯಿದು. ಅದರ ನಿಯಮದಂತೆ ಪಾದ್ರಿಗಳು ಅವಿವಾಹಿತರಾಗಿಯೇ ಬರಬೇಕು. ಕೆಲವು ವರ್ಷ ದುಡಿದ ಮೇಲೆ ಮಂಡಳಿಯ ಅಪ್ಪಣೆ ಪಡೆದು ಮದುವೆಯಾಗಬೇಕು. ವಧುಗಳು ಜರ್ಮನಿ, ಸ್ವಿಟ್ಸರ್ಲೆಂಡುಗಳಿಂದ ಹಡಗಿನಲ್ಲಿ ಬರುತ್ತಿದ್ದರು. ಎಷ್ಟೋ ವೇಳೆ ವರನ ಮುಖವನ್ನೇ ಕಂಡಿರುತ್ತಿರಲಿಲ್ಲ. ಪತ್ರವೂ ಒಂದು ಭಾವಚಿತ್ರವೂ ಸಿಕ್ಕಿದ್ದರೆ ಅದೇ ಪರಿಚಯ. ಗುರುಹಿರಿಯರು ಗೊತ್ತುಮಾಡಿದ ವಿವಾಹವು ನಮ್ಮಲ್ಲಿ ಮಾತ್ರ ಉಂಟೆಂದು ತಿಳಿದವರು ಇದನ್ನು ಗಮನಿಸಬೇಕು. ಆ ಮಿಷನ್ನಿನ ದಂಪತಿಗಳ ಚಿತ್ರಗಳು ಬಾಸೆಲ್ ನಗರದ ದಾಖಲಾಲಯದಲ್ಲಿ ಉಳಿದಿವೆ. ಅವುಗಳಲ್ಲಿನ ಬಿಗಿದ ಮುಖಗಳು ಅಪರಿಚಯದವೋ, ಆನಿಕೆಯವೋ, ಮಂಗಳೂರಿನ ಸೆಕೆಯವೋ ಎಂಬುದನ್ನು ಚಿತ್ರವು ಹೇಳಲಾರದು.

ನಿಜಾಮರ ರಾಜ್ಯದಲ್ಲಿ, ಅಂದರೆ ಕಲಬುರಗಿ, ರಾಯಚೂರು, ಬೀದರಗಳನ್ನೂ ಒಳಗೊಂಡಿದ್ದ ಆ ಸೀಮೆಯ ರಾಜಧಾನಿಯಲ್ಲಿ, ಗೋಷಾ ಪದ್ಧತಿಯು ದಂಪತಿಚಿತ್ರಕ್ಕೆ ಅಡ್ಡಿಯಾಗಿತ್ತು. ಪರಪುರುಷನಾದ ಛಾಯಾಚಿತ್ರಗಾರನ ಮುಂದೆ ಕುಲೀನ ಸ್ತ್ರೀಯರು ಬರುವಂತಿರಲಿಲ್ಲ. ಪ್ರಸಿದ್ಧನಾದ ಲಾಲಾ ದೀನದಯಾಳನು ೧೮೯೨ರಲ್ಲಿ ಹೈದರಾಬಾದಿನಲ್ಲಿ ಎತ್ತರದ ಗೋಡೆಗಳ ಮರೆಯಲ್ಲಿ ಹೆಂಗಸರಿಗೇ ಪ್ರತ್ಯೇಕವಾದ ಜನಾನಾ ಸ್ಟುಡಿಯೋವನ್ನು ತೆರೆದು, ಅದರ ಆಡಳಿತವನ್ನು ಶ್ರೀಮತಿ ಕೆನ್ನಿ-ಲೆವಿಕ್ ಎಂಬ ಆಂಗ್ಲ ಮಹಿಳೆಗೆ ಒಪ್ಪಿಸಿದನು. ಹೆಂಡತಿಯ ಚಿತ್ರ ಒಂದು ಸ್ಟುಡಿಯೋದಲ್ಲಿ, ಗಂಡನ ಚಿತ್ರ ಮತ್ತೊಂದರಲ್ಲಿ. ಇಂತಹ ಮನೆತನಗಳಲ್ಲಿ ಜೋಡಿಚಿತ್ರವಿಲ್ಲದಿರುವುದರಿಂದ ದಾಂಪತ್ಯದ ಬಗೆಗೆ ಏನನ್ನೂ ಹೇಳಲಾಗದು. ಗೋಡೆಯ ಬಗೆಗೆ ಮಾತ್ರ ಹೇಳಬಹುದು.

ಇದಕ್ಕೆ ತೀರ ಭಿನ್ನವಾದ ಚಿತ್ರವೊಂದು ತ್ರಿಪುರಾ ಸಂಸ್ಥಾನದಿಂದ ಬಂದಿದೆ. ಅಲ್ಲಿನ ಮಹಾರಾಜ ಬೀರಚಂದ್ರ ಮಾ‌ಣಿಕ್ಯನು ಸ್ವತಃ ಛಾಯಾಚಿತ್ರಗಾರ. ಅಗರ್ತಲೆಯ ಅರಮನೆಯಲ್ಲಿ ಛಾಯಾಚಿತ್ರಗಳ ಪ್ರದರ್ಶನಗಳನ್ನು ನಡೆಸಿದವನು. ಸುಮಾರು ೧೮೮೦ರಲ್ಲಿ ಅವನು ತನ್ನ ರಾಣಿ ಮನಮೋಹಿನಿಯೊಡನೆ ತನ್ನ ಚಿತ್ರವನ್ನು ತಾನೇ ತೆಗೆದುಕೊಂಡನು. ರಾಜನ ತೋಳು ರಾಣಿಯನ್ನು ಬಳಸಿದೆ. ಕ್ಯಾಮರಾದ ಕಣ್ಣನ್ನು ತೆರೆದು ಮುಚ್ಚುವ ಸಾಧನವು ಅವನ ಕೈಯಲ್ಲಿದೆ. ಸ್ಟುಡಿಯೋದಲ್ಲಿ ಗಂಡಹೆಂಡಿರ ಎದುರಿಗೆ ಸದಾ ನಿಲ್ಲುತ್ತಿದ್ದ ಮೂರನೆಯ ವ್ಯಕ್ತಿ, ಕುಳಿತುಕೊಳ್ಳಿ, ಕತ್ತೆತ್ತಿ, ಉಸಿರು ಬಿಗಿಹಿಡಿಯಿರಿ ಎನ್ನುತ್ತಿದ್ದವನು, ಇಲ್ಲಿ ಇಲ್ಲ. ಭಂಗಿಯನ್ನು ಗೊತ್ತುಮಾಡಿದವರು ಅವರೇ. ಈ ಒಂದು ಚಿತ್ರದಲ್ಲಿ ಭಂಗಿಯನ್ನೂ ಸಾಕ್ಷ್ಯವೆಂದು ಸ್ವೀಕರಿಸುವುದಕ್ಕೆ ಅಡ್ಡಿಯಿಲ್ಲ.